ಹಿಂಬದಿಯ ಎಡ ಸ್ಪೀಕರಿನ ಮಳೆ, ಅತ್ತೆಯ ಸಂಡಿಗೆ

ನಮ್ಮ ಸೋಫಾದ ಬೆನ್ನ ಹಿಂದೆ, ಅಡುಗೆಮನೆ ಬಾಗಿಲ ಪಕ್ಕದ ಗೋಡೆಯ ಮೇಲೆ ವಿರಾಜಮಾನರಾಗಿರುವ ಸರೌಂಡ್ ಸೌಂಡಿನ ಎಡ ಸ್ಪೀಕರ್ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ಪೆರಂಬೂರಿನ ಮೂರನೇ ಮಹಡಿಯ ಸುಗುಣಾ ಮಾಡುವ ಸಾವಿರ ನಮಸ್ಕಾರಗಳು. ತಾವು ಕ್ಷೇಮವೆಂದು ಗೋಡೆಯ ನಡುಕದಿಂದಲೇ ತಿಳಿಯುತ್ತಿದೆ. ಈ ಪತ್ರವನ್ನು ಕೆಳಗಿನ ನೋಟಿಸ್ ಬೋರ್ಡಿಗೂ ಅಂಟಿಸುತ್ತಿದ್ದೇನೆ; ಈ ಕಟ್ಟಡದಲ್ಲಿ ಕನ್ನಡ ಓದಬಲ್ಲವರು ಮೂರೇ ಮನೆಯವರಾದರೂ, ಓದಲೇಬೇಕಾದವರು ನಮ್ಮ ಮನೆಯಲ್ಲೇ ಇದ್ದಾರೆ.

ನನ್ನ ಯಜಮಾನರು ರಘು ತಮ್ಮನ್ನು ಮನೆ ತುಂಬಿಸಿಕೊಂಡಂದಿನಿಂದ ಸಿನಿಮಾದ ರೈಲು ನಮ್ಮ ಫ್ರಿಜ್ಜಿನಿಂದ ಹೊರಟು ದೇವರ ಗೂಡಿನ ಬಳಿ ನಿಲ್ಲುತ್ತಿದೆ. ಸೋಫಾದ ಒಂದೇ ಒಂದು ಜಾಗದಲ್ಲಿ ಕೂತರೆ ಮಾತ್ರ ತಮ್ಮ ಮಹಿಮೆ ಪೂರ್ತಿ ತಿಳಿಯುವುದಂತೆ. ಅಲ್ಲಿ ರಘು ಒಬ್ಬರೇ ಕೂರುತ್ತಾರೆ. ಮಿಕ್ಕವರಿಗೆ ನಾಯಕನ ಮಾತು ಕೇಳಿಸದು, ಅವನ ಚಪ್ಪಲಿ ಸದ್ದು ಬಹಳ ಚೆನ್ನಾಗಿ ಕೇಳುತ್ತದೆ.

ಅದೂ ಇರಲಿ. ನನ್ನ ಅತ್ತೆ ಪುಟ್ಟತಾಯಮ್ಮನವರಿಗೆ ಎಪ್ಪತ್ತಾರು, ಮಂಡಿ ಎರಡೂ ಹೋಗಿವೆ. ಮೊಮ್ಮಗಳು ಪಾವನಾಳ ಮದುವೆಯ ಎಲೆಗೆ ತಮ್ಮ ಕೈಯ ಅರಳು ಸಂಡಿಗೆಯೇ ಬೀಳಬೇಕೆಂದು ಹಟ ಹಿಡಿದು, ನಾಲ್ಕು ಬೂದುಗುಂಬಳ ತುರಿದು, ಕಳೆದ ಭಾನುವಾರ ತಾರಸಿಯ ಮೇಲೆ ಹಳೇ ಸೀರೆ ಹಾಸಿ ಇಟ್ಟು ಬಂದಿದ್ದರು. ಮಧ್ಯಾಹ್ನ ತಾವು ಸಿನಿಮಾದ ಮಳೆಯನ್ನು ಸರಿಯಾಗಿ ಅಡುಗೆಮನೆ ಕಿಟಕಿಯ ಕಡೆಯಿಂದಲೇ ಸುರಿಸಿದಿರಿ. ಆಹಾ, ಎಂಥ ಮಳೆ! "ಅಯ್ಯೋ, ನನ್ನ ಸಂಡಿಗೆ!" ಎಂದು ಅತ್ತೆ ಕುಂಟುತ್ತ ಮೆಟ್ಟಿಲು ಹತ್ತಿದರು. ಮೇಲೆ ನೋಡಿದರೆ ಮೇ ತಿಂಗಳ ಕತ್ತರಿ ಬಿಸಿಲು. ಅವರು ಇಳಿದು ಬಂದು ಕೂರುವಷ್ಟರಲ್ಲಿ ರಘು, ಮನೆಗೆ ಬಂದ ಗೆಳೆಯರಿಗೆ ತೋರಿಸಲೆಂದು, ಅದೇ ಮಳೆಯನ್ನು ಮತ್ತೆ ಹಾಕಿದರು. ಹೀಗೆ ಮೂರು ಸಲ, ಸ್ವಾಮಿ!

ನಾಲ್ಕನೇ ಸಲ ಸದ್ದು ಕೇಳಿದಾಗ ವಾಚ್‌ಮನ್ ಕೂಡ ಕೆಳಗಿನಿಂದ ತನ್ನ ತಮಿಳಿನಲ್ಲಿ "ಅಮ್ಮಾ, ಮಳೈ ವರುದು!" ಎಂದು ಕೂಗಿದ. ತಮ್ಮ ಕೀರ್ತಿ ಗೇಟಿನವರೆಗೂ ಹಬ್ಬಿತೆಂದುಕೊಂಡು, ಎದ್ದು ನಿಂತಿದ್ದ ಅತ್ತೆಯ ಕೈ ಹಿಡಿದು, "ಅದು ಡಬ್ಬದ ಮಳೆ ಅತ್ತೆ, ನೀವು ಸುಮ್ನೆ ಕೂತ್ಕೊಳ್ಳಿ" ಎಂದು ಕೂರಿಸಿದವಳು ನಾನೇ. ಸಿನಿಮಾ ಮುಗಿದು ಟೀವಿ ಆರಿದ ಮೇಲೂ ಮಳೆ ನಿಲ್ಲಲಿಲ್ಲ.

ಮೇಲೆ ಹೋದರೆ ಸೀರೆಯ ತುಂಬ ಗಂಜಿ. ಅತ್ತೆ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಕರಗಿದ ಸಂಡಿಗೆಯನ್ನು ಒಂದೊಂದಾಗಿ ಎತ್ತಿ ನೋಡಿದರು.

ಆದಕಾರಣ ತಮ್ಮಲ್ಲಿ ಬಿನ್ನಹವೇನೆಂದರೆ, ಮುಂದೆ ಮಳೆ ಸುರಿಸುವ ಮೊದಲು ದಯವಿಟ್ಟು ಒಮ್ಮೆ ಕೆಮ್ಮಿರಿ. ಇಷ್ಟು ನೈಜವಾಗಿ ಮಳೆ ಕೊಡಬಲ್ಲ ತಮಗೆ ಬಿಸಿಲು ಯಾವ ಮಹಾ? ಅದನ್ನೂ ನಾಲ್ಕು ದಿಕ್ಕಿನಿಂದ ಕೊಟ್ಟು, ಮುಂದಿನ ಸಂಡಿಗೆಯನ್ನು ನಡುಮನೆಯಲ್ಲೇ ಒಣಗಿಸಿಕೊಡುವ ಕೃಪೆ ಮಾಡಬೇಕು.

ಇಂತಿ, ಒದ್ದೆಯಾಗಿ ಇನ್ನೂ ಒಣಗದ,
ತಮ್ಮ ವಿಶ್ವಾಸಿ
ಸುಗುಣಾ

ತಾ.ಕ.: ಮದುವೆಗೆ ಇನ್ನು ಹದಿನೆಂಟು ದಿನ. ಅತ್ತೆ ಇಂದು ಬೆಳಿಗ್ಗೆ ಮತ್ತೆ ಎರಡು ಕುಂಬಳ ತುರಿದು, ಗಾಳಿಗೆ ಸೀರೆ ಹಾರದಂತೆ ನಾಲ್ಕು ಮೂಲೆಗೂ ಏನಾದರೂ ಭಾರ ಬೇಕೆಂದರು. ರಘು ಅಂಬತ್ತೂರಿನ ಕೆಲಸದಿಂದ ಮರಳುವುದರೊಳಗೆ ತಮ್ಮನ್ನೂ ತಮ್ಮ ಮೂವರು ಸಹೋದರರನ್ನೂ ತಾರಸಿಗೆ ಬಿಜಯಂಗೈಸುತ್ತಿದ್ದೇನೆ. ಮಳೆ ಬಂದರೆ ಈ ಸಲ ಮೊದಲು ನೆನೆಯುವವರು ತಾವೇ; ಆಗ ಕೂಗಿ, ನಂಬುತ್ತೇನೆ.