ತೋಟಕ್ಕೆ ಬಿದ್ದ ಅಂಗಿ

೨೦೨೫ರ ಫೆಬ್ರವರಿ ೧೬, ಭಾನುವಾರ, ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ದಂಡಿನಶಿವರದ ರುದ್ರೇಶ್ ಬೀರು ತೆಗೆದು ನೋಡಿದಾಗ ಅಂಗಿ ಇರಲಿಲ್ಲ. ಹ್ಯಾಂಗರ್ ಮಾತ್ರ ಸಣ್ಣಗೆ ತೂಗುತ್ತಿತ್ತು.

ಅದು ಅಂತಿಂಥ ಅಂಗಿಯಲ್ಲ. ಬೆಂಗಳೂರಿನ ದೊಡ್ಡ ಅಂಗಡಿಯಿಂದ ತಂದ ಲಿನನ್ ಅಂಗಿ. ಕಾಲರಿನ ಒಳಗೆ ಡಿಸೈನರ್ ತನ್ನ ಸಹಿಯನ್ನೇ ಕಸೂತಿ ಹಾಕಿಸಿದ್ದ. ಕೆನೆ ಬಣ್ಣದ ಬಟ್ಟೆಯ ಮೇಲೆ ಅಲ್ಲಲ್ಲಿ ಕಂದು ಹರಡಿದಂತೆ ಕೈಯಿಂದಲೇ ಬಣ್ಣ ಕೊಟ್ಟಿದ್ದರು. ಬೆಲೆಯನ್ನು ರುದ್ರೇಶ್ ಅಮ್ಮನಿಗೆ ಹೇಳಿರಲಿಲ್ಲ.

ತಿಂಗಳುಗಟ್ಟಲೆ ಫೋನಿನಲ್ಲಿ ವಿಡಿಯೊ ನೋಡಿ ಅವನು ಒಂದು ಸೂತ್ರಕ್ಕೆ ಬಂದಿದ್ದ. ಮೈಮೇಲೆ ಒಂದೇ ಒಂದು ದುಬಾರಿ ವಸ್ತು ಇರಬೇಕು, ಉಳಿದದ್ದೆಲ್ಲ ಅಗ್ಗದ್ದು. ಆಗ ನೋಡುವವರಿಗೆ ದುಡ್ಡು ಕಾಣುವುದಿಲ್ಲ, ಮನುಷ್ಯ ಕಾಣುತ್ತಾನೆ. ಅದರಂತೆ ಪ್ಯಾಂಟು ಸಂತೆಯದು, ಬೆಲ್ಟು ತಿಪಟೂರು ಬಸ್ ಸ್ಟ್ಯಾಂಡಿನದು, ಚಪ್ಪಲಿ ತಳ್ಳುಗಾಡಿಯದು. ಎಲ್ಲವೂ ಸಿದ್ಧವಾಗಿ ಬಹಳ ದಿನವಾಗಿತ್ತು. ನೋಡಬೇಕಾದವಳು ನೋಡಿರಲಿಲ್ಲ, ಅಷ್ಟೆ.

ನೋಡಬೇಕಾದವಳು ಸಿಂಧು. ತಿಪಟೂರಿನಲ್ಲಿ ಬಿ.ಎಸ್ಸಿ. ಓದುವಾಗ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅವನ ಪಕ್ಕದಲ್ಲೇ ನಿಲ್ಲುತ್ತಿದ್ದವಳು. ಒಮ್ಮೆ ಅವನ ಲ್ಯಾಬ್ ಕೋಟಿನ ಗುಂಡಿ ಕಿತ್ತುಹೋದಾಗ ಬ್ಯಾಗಿನಿಂದ ಸೂಜಿ ತೆಗೆದು, ಬಿಳಿ ದಾರ ಇಲ್ಲದ್ದಕ್ಕೆ ಹಸಿರು ದಾರದಲ್ಲಿ ಹೊಲಿದು ಕೊಟ್ಟಿದ್ದಳು. ಆ ಕೋಟು ಈಗಲೂ ಬೀರುವಿನಲ್ಲಿದೆ. ಅಟ್ಟದ ಮೇಲೆ ವರ್ಷ ಕಳೆದ ತೆಂಗಿನಕಾಯಿಯೊಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದಲ್ಲ, ಸಿಂಧು ಹೆಸರು ಕೇಳಿದರೆ ರುದ್ರೇಶನ ಎದೆಯೊಳಗೆ ಹಾಗಾಗುತ್ತಿತ್ತು. ಈಗ ಅವಳು ತುರುವೇಕೆರೆಯಲ್ಲಿ ಬಟ್ಟೆ ಹೊಲಿಯುವ ಬೊಟಿಕ್ ಇಟ್ಟಿದ್ದಾಳೆ. ಗುರುವಾರ ಅವಳೇ ಫೋನ್ ಮಾಡಿದ್ದಳು.

"ಭಾನುವಾರ ಹತ್ತು ಗಂಟೆಗೆ ನಿಮ್ಮನೆಗೆ ಬರ್ತೀನಿ ರುದ್ರೇಶ್. ಒಂದು ವಿಷ್ಯ ಇದೆ, ಫೋನಲ್ಲಿ ಹೇಳೋದಲ್ಲ. ಮೈಗೆ ಸರಿಯಾಗಿ ಕೂರೋ ಅಂಗಿ ಹಾಕ್ಕೊಂಡಿರು."

ಕೊನೆಯ ಮಾತನ್ನು ರುದ್ರೇಶ್ ಅಂದಿನಿಂದ ತಿರುವಿ ತಿರುವಿ ನೋಡಿದ್ದ. ಯಾವ ಕಡೆಯಿಂದ ನೋಡಿದರೂ ಅದಕ್ಕೆ ಒಂದೇ ಅರ್ಥ ಬರುತ್ತಿತ್ತು.

"ಅಮ್ಮಾ, ನನ್ನ ಹೊಸಾ ಅಂಗಿ ಎಲ್ಲಿ?"

ಗಿರಿಜಾಂಬಿಕಾ ದೋಸೆ ಹೆಂಚಿನ ಮುಂದಿನಿಂದ ಕದಲಲಿಲ್ಲ. "ಆ ಕಲೆ ಅಂಗೀನಾ? ತೋಟಕ್ಕೆ ಹಾಕ್ದೆ ಕಣೋ."

ತೆಂಗಿನಕಾಯಿಯ ಹಸಿ ಮಟ್ಟೆಯ ರಸ ಬಿದ್ದ ಬಟ್ಟೆಗೆ ಆಗುವ ಕಂದು ಕಲೆ ಯಾವ ಸೋಪಿಗೂ ಹೋಗುವುದಿಲ್ಲ. ಅಂಥ ಬಟ್ಟೆಗೆ ಈ ಸೀಮೆಯ ಮನೆಗಳಲ್ಲಿ ಜಾಗವಿಲ್ಲ. ಅದು ತೋಟದ ಬಟ್ಟೆಯಾಗುತ್ತದೆ. ಗಿರಿಜಾಂಬಿಕಾ ಮದುವೆಯಾಗಿ ಬಂದಾಗಿನಿಂದ ಹೀಗೆ ನೂರಾರು ಬಟ್ಟೆಗಳನ್ನು ತೋಟಕ್ಕೆ ಹಾಕಿದವರು. ಕಂದು ಕಲೆಯನ್ನು ದುಡ್ಡು ಕೊಟ್ಟು ತರುವವರಿದ್ದಾರೆ ಎಂಬುದು ಅವರ ಊಹೆಗೆ ನಿಲುಕದ ವಿಷಯ.

"ಕಾಯಿ ಕೀಳಕ್ಕೆ ಬಂದಿದ್ದ ತಿಮ್ಮರಾಜುಗೆ ಕೊಟ್ಟೆ. ಪಾಪ, ಖುಷಿಯಾಗೋದ."

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಪುಟ್ಟಗೌರಮ್ಮನ ತಲೆ ಎದ್ದಿತು. "ನಾನೇ ಹೇಳಿದ್ದು ಕಣಪ್ಪ. ಹೆಣ್ಣು ಬರೋ ದಿನ ಮನೇಲಿ ಕಲೆ ಅಂಗಿ ನೇತಾಡ್ತಿದ್ರೆ ಚೆಂದವಾ?"

"ಹೆಣ್ಣು ಬರ್ತದೆ ಅಂತ ನಿಮ್ಗ್ಯಾರು ಹೇಳಿದ್ರು?"

"ಗುರುವಾರದಿಂದ ದಿನಾ ಗಡ್ಡ ಕೆರ್ಕಂತಾ ಇದ್ದೀಯ. ಇದನ್ನ ಬೇರೆ ಯಾರಾದ್ರೂ ಬಂದು ಹೇಳ್ಬೇಕಾ?"

ರುದ್ರೇಶ್ ತೋಟಕ್ಕೆ ಓಡಿದ. ತಿಮ್ಮರಾಜು ಮರದ ಮೇಲಿದ್ದ. ಮೈಮೇಲೆ ಡಿಸೈನರನ ಅಂಗಿ, ಮೊಣಕಾಲಿನ ಮೇಲೆ ಎತ್ತಿಕಟ್ಟಿದ ಚೌಕಳಿ ಲುಂಗಿ, ತಲೆಗೆ ಯಾವುದೋ ಗೊಬ್ಬರದ ಕಂಪನಿ ಪುಕ್ಕಟೆ ಕೊಟ್ಟ ಟೋಪಿ. ಒಂದು ದುಬಾರಿ, ಉಳಿದದ್ದೆಲ್ಲ ಅಗ್ಗ. ಸೂತ್ರ ಅವನಿಗೆ ಎಷ್ಟು ಒಪ್ಪಿತ್ತೆಂದರೆ ರುದ್ರೇಶನಿಗೆ ಒಂದು ಗಳಿಗೆ ಹೊಟ್ಟೆಯುರಿಯಿತು.

"ತಿಮ್ಮರಾಜು, ಇಳಿ. ಆ ಅಂಗಿ ನಂದು."

"ಅಮ್ಮಾವ್ರು ಕೊಟ್ಟಿದ್ದು ಕಣಣ್ಣ. ಮೈಗೆ ತಣ್ಣಗೈತೆ. ಕಲೆ ಇದ್ರೇನು, ತೋಟಕ್ಕೆ ತಾನೆ?"

"ಅದು ಕಲೆ ಅಲ್ಲ, ಡಿಸೈನು."

ತಿಮ್ಮರಾಜು ಒಂದು ಕೈಯಲ್ಲಿ ಮರ ತಬ್ಬಿ, ಇನ್ನೊಂದು ಕೈಯಲ್ಲಿ ಅಂಗಿಯ ಅಂಚು ಎಳೆದು ನೋಡಿದ. "ಹಂಗಾದ್ರೆ ನಮ್ಮನೇಲಿರೋವೆಲ್ಲಾ ಡಿಸೈನೇ ಬುಡಣ್ಣ."

ಇಳಿದು ಬಂದು ಅಂಗಿ ಬಿಚ್ಚಿ, ಮಡಿಸಿ ಕೊಟ್ಟ. ಕೊಟ್ಟದ್ದನ್ನು ಕಿತ್ತುಕೊಂಡ ಸಂಕೋಚಕ್ಕೆ ರುದ್ರೇಶ್ ತಾನು ತೊಟ್ಟಿದ್ದ ಟೀ ಶರ್ಟನ್ನೇ ಅವನಿಗೆ ಕೊಟ್ಟು ಲಿನನ್ನನ್ನು ಬರಿಮೈಗೆ ಏರಿಸಿಕೊಂಡ.

"ಬೇಜಾರ್ ಮಾಡ್ಕಂಡು ಬರೀ ಬಾಯಲ್ಲಿ ಹೋಗ್ಬೇಡಿ, ಒಂದು ಎಳನೀರು ಕುಡ್ಕಂಡು ಹೋಗಿ," ಎಂದು ತಿಮ್ಮರಾಜು ಬೇಡವೆನ್ನುವಷ್ಟರಲ್ಲಿ ಮಚ್ಚು ಬೀಸಿದ. ಮಟ್ಟೆಯ ರಸ ಚಿಮ್ಮಿ ಬಲ ಭುಜದಿಂದ ಎದೆಯವರೆಗೆ ಹರಿಯಿತು.

ನೋಡಿದರೆ ಬರೀ ನೀರು. ರುದ್ರೇಶನಿಗೆ ಸತ್ಯ ಗೊತ್ತಿತ್ತು. ಮಟ್ಟೆಯ ರಸಕ್ಕೆ ಮೊದಲು ಬಣ್ಣವಿರುವುದಿಲ್ಲ. ಗಾಳಿಯ ಆಮ್ಲಜನಕದೊಡನೆ ಸೇರಿ ನಿಧಾನವಾಗಿ ಕಂದಾಗುತ್ತದೆ. ಸಿಂಧು ಬಂದು ಮಾತು ಮುಗಿಸುವವರೆಗಾದರೂ ತಡೆದೀತು ಎಂದು ಅವನ ಅಂದಾಜು. ಮನೆಗೆ ಬಂದು ತೊಳೆದ, ಬೇಗ ಒಣಗಲೆಂದು ಬಿಸಿ ಇಸ್ತ್ರಿ ಹಾಕಿದ. ಶಾಖ ಹೆಚ್ಚಿದಂತೆ ರಾಸಾಯನಿಕ ಕ್ರಿಯೆಯ ವೇಗವೂ ಹೆಚ್ಚುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದವನಿಗೆ, ಇಸ್ತ್ರಿ ಉಜ್ಜುವಾಗ ಅದು ನೆನಪಾಗಲಿಲ್ಲ.

ಸಿಂಧುವಿನ ಸ್ಕೂಟರ್ ಬಾಗಿಲಿಗೆ ಬಂದಾಗ ಜಗುಲಿಯ ಮೇಲೆ ಬೀದಿಯ ಅರ್ಧ ಹೆಂಗಸರು ಕೂತಿದ್ದರು. ಪುಟ್ಟಗೌರಮ್ಮ ಕುಂಕುಮದ ತಟ್ಟೆಯನ್ನೂ ಸಕ್ಕರೆ ಬಟ್ಟಲನ್ನೂ ತಂದಿಟ್ಟಿದ್ದರು. ರುದ್ರೇಶನ ಭುಜದಿಂದ ಎದೆಗೆ ಕಂದು ಬಣ್ಣದ ಹೊಳೆಯೊಂದು ಆಗಲೇ ಹರಿದಿತ್ತು.

ಸಿಂಧು ಅವನ ಸುತ್ತ ಒಂದು ಸುತ್ತು ಬಂದಳು.

"ಈ ಸಣ್ಣ ಛಾಯೆ ಅಂಗಡಿಯದು. ಭುಜದಿಂದ ಇಳಿದಿರೋದು ಯಾರ ಕೈಕೆಲ್ಸ?"

"ತಿಮ್ಮರಾಜುದು."

"ಅಂಗಡಿಯೋರಿಗಿಂತ ಇವ್ರೇ ವಾಸಿ. ಅದಕ್ಕೆ ಸಂತೆ ಪ್ಯಾಂಟು ಬೇರೆ." ಅವಳು ನಕ್ಕಳು. "ನಿಂದೇ ಒಂದು ಸ್ಟೈಲ್ ಮಾಡ್ಕೊಂಡಿದ್ದೀಯ ಕಣೋ. ಕಾಲೇಜಲ್ಲಿ ಹಿಂಗಿರ್ಲಿಲ್ಲ ನೀನು."

ಈ ಮಾತಿಗಾಗಿ ಅವನು ಎಷ್ಟು ವರ್ಷ ಕಾದಿದ್ದನೋ. ಎದೆಯೊಳಗಿನ ಕೊಬ್ಬರಿ ಜಗುಲಿಗೆಲ್ಲ ಕೇಳುವಂತೆ ಲೊಟಗುಟ್ಟಿತು. ಅಷ್ಟರಲ್ಲಿ ಸಿಂಧು ಬ್ಯಾಗಿನಿಂದ ಟೇಪು ತೆಗೆದಳು.

"ಕೈ ಎತ್ತು."

ಅವಳ ಚೂಡಿದಾರದ ತೋಳಿಗೆ ಸೂಜಿಯೊಂದು ಚುಚ್ಚಿಕೊಂಡಿತ್ತು. ಅದರ ದಾರ ಬಿಳಿಯದು. ಟೇಪು ಅವನ ಬೆನ್ನು ಬಳಸಿ ಎದೆಯ ಮೇಲೆ ಕೂಡಿತು. ರುದ್ರೇಶ್ ತೆಗೆದುಕೊಂಡ ಉಸಿರನ್ನು ಬಿಡಲಿಲ್ಲ. ಜಗುಲಿಯ ಮೇಲೆ ಪುಟ್ಟಗೌರಮ್ಮ ಒಂದು ಚಮಚ ಸಕ್ಕರೆಯನ್ನು ಗಿರಿಜಾಂಬಿಕಾರ ಬಾಯಿಗೆ ಹಾಕಿಯೇಬಿಟ್ಟರು.

"ನಲವತ್ತು," ಎಂದಳು ಸಿಂಧು.

"ಏನೋ ವಿಷ್ಯ ಇದೆ ಅಂದಿದ್ದೆ," ಎಂದ ರುದ್ರೇಶ್, ಉಳಿದಿದ್ದ ಗಾಳಿಯಲ್ಲೇ.

"ಇದೇ ಕಣೋ. ಮುಂದಿನ ತಿಂಗಳು ನನ್ನ ಮದುವೆ. ಹುಡುಗ ಅರಸೀಕೆರೇಲಿ ದನದ ಡಾಕ್ಟ್ರು. ಅವ್ರಿಗೆ ಗೊತ್ತಾಗ್ದಂಗೆ ನಾನೇ ಒಂದು ಅಂಗಿ ಹೊಲ್ದು ಕೊಡೋ ಆಸೆ. ಅಳತೆ ಕೇಳಿದ್ರೆ ಗೊತ್ತಾಗ್ಬಿಡುತ್ತಲ್ಲ. ಥೇಟ್ ನಿನ್ನ ಮೈಕಟ್ಟೇ ಅವ್ರದ್ದೂ, ಅದಕ್ಕೇ ಬಂದೆ. ಹೊಲ್ದ ಮೇಲೆ ತಿಮ್ಮರಾಜು ಹತ್ರ ಇದೇ ಥರ ಬಣ್ಣ ಹಾಕಿಸ್ಕೊಡ್ತೀಯಾ?"

ಗಿರಿಜಾಂಬಿಕಾ ಬಾಯಲ್ಲಿದ್ದ ಸಕ್ಕರೆಯನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. "ಎಲ್ಲಾರ್ಗೂ ಒಳ್ಳೇದಾಗ್ಲಿ ಬುಡು," ಎಂದು ಪುಟ್ಟಗೌರಮ್ಮ ತಟ್ಟೆಯನ್ನು ಮೆಲ್ಲಗೆ ಸೆರಗಿನಡಿ ಸರಿಸಿದರು.

"ಹಾಕಿಸ್ಕೊಡ್ತೀನಿ," ಎಂದ ರುದ್ರೇಶ್. ಉಸಿರು ಹೊರಗೆ ಬಂತು.

"ಇರು, ಇನ್ನೊಂದ್ಸಲ ನೋಡ್ತೀನಿ." ಲ್ಯಾಬಿನಲ್ಲೂ ಸಿಂಧು ಒಂದೇ ರೀಡಿಂಗನ್ನು ನಂಬಿದವಳಲ್ಲ. ಟೇಪು ಅದೇ ಎದೆಯನ್ನು ಅದೇ ಜಾಗದಲ್ಲಿ ಮತ್ತೆ ಸುತ್ತಿತು.

ಈ ಸಲ ಮೂವತ್ತೇಳೂವರೆ ಇಂಚು.