ಅಣ್ಣನಿಗೆ ಚೂಲಬಂದ್ ಕರೆ

ಜನರನ್ನು ಕರೆಯುವುದೂ ಒಂದು ವಿದ್ಯೆ. ಆ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ನಮ್ಮ ಸದಲಗಾದಲ್ಲಿ ಯಾರೂ ಇಲ್ಲವೆಂದು ನಾನು ಬಹಳ ವರ್ಷ ನಂಬಿದ್ದೆ. ಯೇಸುಸ್ವಾಮಿಯ ವಿಷಯ ಒಮ್ಮೆ ಕೇಳಿ ನೋಡಿ ಎಂದು ನಾನು ಚರ್ಚಿಗೆ ಕರೆಯದ ಗೆಳೆಯನಿಲ್ಲ, ನೆಂಟನಿಲ್ಲ. ನಮ್ಮ ಶಾಲೆಯ ಮಾಸ್ತರರನ್ನೆಲ್ಲ ಕರೆದೆ. ಕ್ಷೌರದಂಗಡಿಯಲ್ಲಿ ಕತ್ತಿ ನನ್ನ ಕುತ್ತಿಗೆಯ ಮೇಲಿದ್ದಾಗಲೂ ಕರೆದೆ. ಎಲ್ಲರೂ "ಬರ್ತೀವ್ರಿ ಮಾಸ್ತರ" ಎಂದರು, ಒಬ್ಬರೂ ಬರಲಿಲ್ಲ. ಅದರಿಂದ ನನ್ನ ಹೆಮ್ಮೆಯೇನೂ ಕುಂದಲಿಲ್ಲ. ಬಾರದಿರುವುದು ಅವರ ದೋಷ, ಕರೆದ ರೀತಿಯಲ್ಲಿ ಕೊರತೆಯಿರಲಿಲ್ಲ.

ನಿಜಕ್ಕೂ ನನಗೆ ಬೇಕಾಗಿದ್ದವನು ಒಬ್ಬನೇ, ನನ್ನ ಅಣ್ಣ. ಅಪ್ಪ ತೀರಿದ ಮೇಲೆ ಕಬ್ಬು ಬೆಳೆದು, ಹಾಲು ಮಾರಿ ನನ್ನನ್ನು ಓದಿಸಿದವನು. ನಾನು ಕ್ರೈಸ್ತನಾದಾಗ ಊರವರು ಏನೇನೋ ಅಂದರು. ಅವನು ಮಾತ್ರ "ನಿನ್ನ ದೇವರು ನಿನಗ, ನನ್ನ ಎಮ್ಮಿ ನನಗ" ಎಂದು ಹಾಲು ಹಿಂಡಲು ಕೂತ. ನನ್ನ ಬದುಕನ್ನು ಬದಲಿಸಿದ್ದು ಏನೆಂದು ಅವನು ಒಮ್ಮೆಯಾದರೂ ಬಂದು ನೋಡಲಿ ಎಂಬ ಹಂಬಲ ನನಗೆ. ಪ್ರತಿ ಕ್ರಿಸ್‌ಮಸ್‌ಗೂ ಅವನ ತೋಟದ ಮನೆಗೆ ಹೋಗಿ ಆರಾಧನೆಗೂ ಊಟಕ್ಕೂ ಕರೆಯುತ್ತಿದ್ದೆ. ಒಂದು ವರ್ಷ ಎಮ್ಮೆ ಈಯುವುದಿತ್ತು, ಇನ್ನೊಂದು ವರ್ಷ ಕಬ್ಬು ಕಡಿಯುವ ಆಳುಗಳ ಟೋಳಿ ಬಂದಿತ್ತು.

ತೊಂಬತ್ತರ ದಶಕ ಶುರುವಾದ ಹೊಸತರಲ್ಲಿ, ಒಂದು ಡಿಸೆಂಬರಿನಲ್ಲಿ ನನ್ನ ತಾಳ್ಮೆ ತಪ್ಪಿತು. "ಅಣ್ಣಾ, ಈ ಸಲ ಚೂಲಬಂದ್!" ಎಂದುಬಿಟ್ಟೆ. ನಮ್ಮ ಗಡಿ ಸೀಮೆಯಲ್ಲಿ ಇದು ಆಮಂತ್ರಣಗಳ ಬ್ರಹ್ಮಾಸ್ತ್ರ. ಹಾಗೆ ಕರೆಸಿಕೊಂಡ ಮನೆಯಲ್ಲಿ ಅಂದು ಒಲೆ ಹೊತ್ತುವಂತಿಲ್ಲ. ಕೂಸಿನಿಂದ ಮುದುಕರವರೆಗೆ ಎಲ್ಲರ ಊಟವೂ ಕರೆದವರ ಮನೆಯಲ್ಲಿ. ಒಲ್ಲೆ ಎಂದರೆ ನಂಟು ಹರಿದಂತೆ. ಅಣ್ಣ ನನ್ನ ಮುಖ ನೋಡಿ, "ಹಂಗಂದ ಮ್ಯಾಲ ಬರಾಕ ಬೇಕಲ್ಲೋ" ಎಂದ. ಕುಸ್ತಿ ಗೆದ್ದ ಪೈಲವಾನನಂತೆ ಮನೆಗೆ ಬಂದು, ಹೆಂಡತಿಗೆ "ಅಣ್ಣ ಬರಾಕತ್ತಾನ" ಎಂದಷ್ಟೇ ಹೇಳಿದೆ. ಸಂತೋಷದಲ್ಲಿ ಚೂಲಬಂದ್ ಮಾತು ಹೇಳುವುದೇ ಮರೆತುಹೋಯಿತು.

ಕ್ರಿಸ್‌ಮಸ್ ಬೆಳಿಗ್ಗೆ ಚರ್ಚಿನ ಮುಂದೆ ಟ್ರ್ಯಾಕ್ಟರ್ ನಿಂತಿತು. ಟ್ರಾಲಿಯ ತುಂಬ ಜನ: ಅಣ್ಣ, ಅತ್ತಿಗೆ, ಕಾಕಾಗಳು, ಮಕ್ಕಳುಮರಿ, ತೋಟದಲ್ಲೇ ಉಂಡು ದುಡಿಯುವ ಆಳುಗಳು. ಒಲೆ ಆರಿಸಿದ ಮೇಲೆ ಯಾರನ್ನು ತಾನೇ ಬಿಟ್ಟು ಬರುವುದು? ನಮ್ಮ ಪುಟ್ಟ ಚರ್ಚು ಅಷ್ಟು ತುಂಬಿದ್ದನ್ನು ನಾನು ಕಂಡೇ ಇರಲಿಲ್ಲ. ಅಣ್ಣ ತಲೆಗೆ ಸುತ್ತಿದ ಪಟಗಾ ಸರಿಪಡಿಸಿಕೊಂಡು ಎಲ್ಲರಿಗಿಂತ ಮುಂದೆ ಕೂತ. ನನ್ನ ಎದೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತು. ಹೆಂಗಸರ ಸಾಲಿನಿಂದ ಹೆಂಡತಿ ಬೀರಿದ ನೋಟಕ್ಕೆ ಅಷ್ಟೇ ವೇಗದಲ್ಲಿ ಇಳಿಯಿತು. ಆರಾಧನೆ ಮುಗಿದದ್ದೇ ತಡ, ಮೂಲೆಗೆ ಕರೆದು ಹಿಡಿದಳು.

"ಏನ್ರಿ, ನಾ ಭಾವಾರೊಬ್ಬರಿಗೆ ಅಂತ ಅಡಗಿ ಮಾಡೇನಿ. ಇಷ್ಟು ಮಂದಿಗೆ ಏನ್ ಉಣಸ್ತೀರಿ?"

"ದೇವರು ನೋಡ್ಕೋತಾನ."

"ದೇವರು ಬಂದು ರೊಟ್ಟಿ ಬಡಿಯೂದಿಲ್ಲ!"

ಚರ್ಚಿನ ಹಿಂದಿನ ಓಣಿಯಲ್ಲಿ ಒಂಟಿಯಾಗಿ ವಾಸವಾಗಿದ್ದ ಮುದುಕಿ ಸಾರಾಬಾಯಿ ಇದನ್ನು ಕೇಳಿಸಿಕೊಂಡಳು. ನಾವೆಲ್ಲ ಅವಳನ್ನು ಆಯಿ ಎನ್ನುತ್ತಿದ್ದೆವು. ಬಾಗಿಲಿಗೆ ಅಡ್ಡ ನಿಂತು ನಮ್ಮ ಸಭೆಯವರಿಗೆ, "ಮಾಸ್ತರ ಮನಿ ಸಣ್ಣದೈತಿ. ನಾಕ್ ನಾಕ್ ಮಂದೀನ್ನ ನಿಮ್ ನಿಮ್ ಮನಿಗೆ ಊಟಕ್ಕ ಕರ್ಕೊಂಡ ನಡೀರಿ" ಎಂದಳು. ಒಬ್ಬೊಬ್ಬರೂ ನಾಲ್ಕು ನಾಲ್ಕು ಜನರನ್ನು ಕರೆದೊಯ್ದರು. ಆ ಸಭೆಯ ಜನ ನನ್ನವರೆಂದು ಅಂದು ಪಟ್ಟ ಹೆಮ್ಮೆ ಇಂದಿಗೂ ಇಳಿದಿಲ್ಲ. ಅಣ್ಣನ ಕೈಯನ್ನು ಆಯಿಯೇ ಹಿಡಿದಳು: "ನೀ ನಮ್ಮನಿಗೆ ಬಾ ಮಗಾ."

ಸಂಜೆ ಟ್ರ್ಯಾಕ್ಟರ್ ಹತ್ತುವ ಮುನ್ನ ಅಣ್ಣ ನನ್ನನ್ನು ಪಕ್ಕಕ್ಕೆ ಕರೆದ. "ಪಾಸ್ಟರ್ ಹೇಳಿದ್ದು ಅರ್ಧಾ ತಿಳೀಲಿಲ್ಲ. ಆದ್ರ ಆ ಆಯಿ ತನ್ನ ತಾಟು ನನ್ನ ಮುಂದಿಟ್ಟು, 'ನನಗ ಉಪಾಸ' ಅಂತ ಸುಳ್ಳ ಹೇಳಿದ್ಲು. ಹಬ್ಬದ ದಿನ ಯಾರ್ ಉಪಾಸ ಮಾಡ್ತಾರಲೇ? ಅಕಿಗೆ ಇದನ್ನ ಕಲಿಸಿದ ಸ್ವಾಮಿ ಯಾರು, ಕೇಳಬೇಕು ನಾ." ಅವನ ಕಣ್ಣು ಒದ್ದೆಯಾಗಿತ್ತು, ನನ್ನದೂ. ಆಮೇಲೆ ಮೀಸೆ ಒರೆಸಿಕೊಂಡು, "ಮುಂದಿನ ವರ್ಷಾನೂ ಬರ್ತೀನಿ. ಆದ್ರ ಕರ್ಯಾಕ ನೀ ಬರಬ್ಯಾಡ, ಆಯಿನ್ನ ಕಳಸು" ಎಂದ.

ಮರುವರ್ಷ ಆಯಿ ಹೋಗಿ ಕರೆದಳು. ಅಣ್ಣ ಪಾಸ್ಟರರಿಗಿಂತ ಮೊದಲೇ ಬಂದು ಕೂತಿದ್ದ. ಇದರಲ್ಲಿ ನನ್ನ ಪಾಲನ್ನೂ ಯಾರೂ ಮರೆಯಬಾರದು. ಆಯಿಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತೋಟದವರೆಗೆ ತುಳಿದವನು ನಾನೇ. ಹತ್ತುವ ಮೊದಲು ಅವಳು ಹಾಕಿದ್ದು ಒಂದೇ ಷರತ್ತು: "ಅಲ್ಲಿ ಹೋದ ಮ್ಯಾಲ ನೀ ಬಾಯಿ ತೆರೀಬ್ಯಾಡ, ಮಾಸ್ತರ."