ಹುಣಸಿಗಿಡದ ಓಣಿಗೆ ನೀರು ಬಂತು

ಹಿರೇಕೆರೂರಿನಲ್ಲಿ ಷಡ್ಡಕನ ಗೃಹಪ್ರವೇಶಕ್ಕೆ ಹೋಗಿ ಹೋಳಿಗೆ ಉಂಡು ಬರುವಷ್ಟರಲ್ಲಿ ಫಕ್ಕೀರೇಶನ ಮನೆಯ ನಳಕ್ಕೆ ನೀರು ಬಂದು ಹೋಗಿತ್ತು. ವಾರಕ್ಕೊಮ್ಮೆ ಬರುವ ನೀರು. ಯಾವ ಓಣಿಗೆ ಯಾವಾಗ ಎಂಬುದು ವಾಲ್ವ್ ತಿರುಗಿಸುವ ನಿಯಾಜನ ತಲೆಯೊಳಗೆ ಮಾತ್ರ ಇತ್ತು. ಆ ತಲೆಯೋ, ಉಂಡದ್ದನ್ನೂ ಮರೆತು ಮತ್ತೆ ಉಣ್ಣಲು ಕೂಡುವಂಥದ್ದು. ಸವಿತಾ ಬರಿಗೊಡ ಕುಕ್ಕಿ, ಇನ್ನೊಮ್ಮೆ ನೀರು ತಪ್ಪಿತೆಂದರೆ ಊರ ಹೊರಗಿನ ಬಾವಿಯಿಂದ ನೀವೇ ಹೊತ್ತು ತರಬೇಕು, ಊರೆಲ್ಲ ನೋಡಲಿ ಎಂದು ಗಂಡನಿಗೆ ಖಡಾಖಂಡಿತವಾಗಿ ಹೇಳಿದಳು.

ಸವಣೂರು ರಸ್ತೆಯ ಹೊಸಬಾವಿಕೊಪ್ಪದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದ ಫಕ್ಕೀರೇಶನಿಗೆ ಪ್ರೋಗ್ರಾಮ್ ಬರೆಯಲು ಅರ್ಧಂಬರ್ಧ ಬರುತ್ತಿತ್ತು, ಸಿಟ್ಟು ಮಾತ್ರ ಪೂರ್ತಿ ಬರುತ್ತಿತ್ತು. ಎರಡನ್ನೂ ಕಲಸಿ 'ನೀರು ಬಂತು' ಎಂಬ ಆ್ಯಪ್ ಮಾಡಿದ. ನೀರು ಬಂದ ಓಣಿಯವರು ಒಂದು ಸಲ ಒತ್ತಿದರೆ ಆ ಓಣಿಯ ಹೆಸರಿನ ಮುಂದೆ ನೀಲಿ ಹನಿ ಮೂಡುತ್ತದೆ, ಮುಂದಿನ ಪಾಳಿ ಯಾರದೆಂದು ಕೆಳಗೆ ಕಾಣುತ್ತದೆ. ಪುಕ್ಕಟೆ ಅಷ್ಟೇ ಅಲ್ಲ, ಓಪನ್ ಸೋರ್ಸ್. ಅಂದರೆ ಅಡುಗೆ ಬಡಿಸಿ, ಮಾಡುವ ಬಗೆಯನ್ನೂ ಹೇಳಿಕೊಟ್ಟು, ಬೇಕಾದವರು ಉಪ್ಪು ಖಾರ ಸೇರಿಸಿಕೊಳ್ಳಿ ಎಂದು ಒಲೆಯನ್ನೇ ಬಿಟ್ಟುಕೊಟ್ಟ ಹಾಗೆ.

ಮೊದಲ ಬಿಡುಗಡೆ ಸೋಮವಾರ ಮಧ್ಯಾಹ್ನ ಎಂದು ಗೊತ್ತು ಮಾಡಿದ. ಅಂದು ಸಂಜೆ ತನ್ನ ಹುಣಸಿಗಿಡದ ಓಣಿಯದೇ ಪಾಳಿ ಎಂದು ನಿಯಾಜನ ಬಾಯಿಂದಲೇ ಕೇಳಿಕೊಂಡಿದ್ದ. ನೀರೂ ಬಂತು, ಮಾನವೂ ಉಳಿಯಿತು ಎಂದು ಲೆಕ್ಕ ಹಾಕಿದ್ದ.

ಆ ಸೋಮವಾರ ಮುಂಜಾನೆ ಎದುರು ಮನೆಯ ಬಾನುಬಿ ಬಂದು, ನೀರು ಬಂದರೆ ಇದರಲ್ಲಿ ಹೇಗೆ ಕಾಣುತ್ತದೆ ತೋರಿಸು ಎಂದು ಹಟ ಹಿಡಿದಳು. ಫಕ್ಕೀರೇಶ ತನ್ನ ಓಣಿಯ ಹೆಸರಿನ ಮೇಲೆ ಒತ್ತಿದ. ನೀಲಿ ಹನಿ ಮೂಡಿತು. ಬಾನುಬಿ ಕೊಡ ಹಿಡಿದು ನಳದ ತನಕ ಹೋಗಿ ನೋಡಿ ಬಂದು, ಸುಳ್ಳು ಹೇಳುವ ಫೋನಿದು ಎಂದಳು. ಇದು ಬರೇ ಪರೀಕ್ಷೆಗೆ, ಬಿಡುಗಡೆಗೆ ಮುಂಚೆ ಅಳಿಸುತ್ತೇನೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಚಂದ್ರಪ್ಪ ಮಾಸ್ತರರು ಒಳಗೆ ಬಂದರು. ಅಗಸಿ ಓಣಿಯ ಮಾಸ್ತರರು ನಿವೃತ್ತರಾದದ್ದು ಶಾಲೆಯಿಂದ ಮಾತ್ರ, ತಿದ್ದುವುದರಿಂದಲ್ಲ.

ಆವೃತ್ತಿ ಸೊನ್ನೆ ಪಾಯಿಂಟ್ ಒಂದು ಎಂದು ಬರೆದದ್ದು ಅವರ ಕಣ್ಣಿಗೆ ಬಿತ್ತು.

"ಛಲೋ ಕೆಲಸಾ ಯಾರರ ಸೊನ್ನಿಯಿಂದ ಸುರು ಮಾಡ್ತಾರೇನ? ಮದುವಿ ಮುಯ್ಯಿ ಸುದ್ದಾ ನೂರಾ ಒಂದ ಹಾಕ್ತೇವಿ. ನೂರಾ ಒಂದ ಅಂತ ಬರಿ."

ಹಾಗೆ ಬರೆದರೆ ಹಿಂದಿನ ನೂರು ಎಲ್ಲಿ ಎಂದು ಕೇಳುತ್ತಾರೆ ಎಂದು ಫಕ್ಕೀರೇಶ ಹಲ್ಲು ಕಡಿದ. ಕೇಳುವವರನ್ನು ನನ್ನ ಕಡೆ ಕಳಿಸು ಎಂದರು ಮಾಸ್ತರರು. ಅಷ್ಟರಲ್ಲಿ ಪಂಚಾಯಿತಿ ಮೆಂಬರ್ ಅಲ್ತಾಫ ಬಂದ. ಆ್ಯಪ್ ತೆರೆದ ಕೂಡಲೇ ತನ್ನ ಫೋಟೋ ಕೈ ಮುಗಿದು ನಿಂತಿರಬೇಕಂತೆ. ಪುಕ್ಕಟೆ ಕೊಡುತ್ತಿರುವುದರಿಂದ ಒಳಗೆ ಏನೋ ಐಬು ಇದ್ದೇ ಇರಬೇಕೆಂದೂ ಹೇಳಿ, ಸವಿತಾ ತಂದ ಚಹಾ ಪುಕ್ಕಟೆಯಾಗಿಯೇ ಕುಡಿದ.

ಫಕ್ಕೀರೇಶನ ಸಿಟ್ಟು ನೆತ್ತಿಗೇರಿತು. "ಇದು ಎಲ್ಲಾರದೂ ಐತ್ರಿ. ಏನ ಬೇಕೋ ನೀವ ಸೇರಸ್ರಿ."

"ಎಲ್ಲಾರದೂ ಅಂದಮ್ಯಾಲ ನಿಂದೂ ಹೌದಲ್ಲ," ಎಂದರು ಮಾಸ್ತರರು. "ನೀನ ಸೇರಸು."

ಇಂಥವರಿಗೆ ವಾರಕ್ಕೊಮ್ಮೆ ನೀರು ಬರುವುದೇ ಹೆಚ್ಚು. ಒಂದು ಸಾಲು ಬರೆಯುವ ಯೋಗ್ಯತೆ ಯಾರಿಗೂ ಇಲ್ಲ, ಬಿಡುಗಡೆಯ ಗುಂಡಿ ಒತ್ತುವ ಮಾನ ಮಾತ್ರ ತನಗೇ ಬೇಕೆಂದು ಇಬ್ಬರೂ ಜಗಳಕ್ಕೆ ನಿಂತರು. ಮಧ್ಯಾಹ್ನದ ಹೊತ್ತಿಗೆ ನಿಯಾಜ ವಾಲ್ವಿನ ಉದ್ದನೆಯ ಕಬ್ಬಿಣದ ಚಾವಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟಿದ್ದ. ಇಬ್ಬರ ಮೇಲಿನ ಸಿಟ್ಟಿಗೆ ಫಕ್ಕೀರೇಶ ಅವನನ್ನು ಒಳಗೆಳೆದು, ಅವನ ಕೈಯಿಂದಲೇ ಗುಂಡಿ ಒತ್ತಿಸಿಬಿಟ್ಟ. ಅವನ ಫೋನಿಗೂ ಆ್ಯಪ್ ಹಾಕಿಕೊಟ್ಟ.

"ಇನ್ನಮ್ಯಾಲೆ ನಿನ್ನ ತಲಿ ನಂಬಬ್ಯಾಡ, ನಿಯಾಜ. ಇದನ್ನ ನಂಬು."

ನಿಯಾಜನಿಗೆ ತಲೆಯ ಭಾರ ಇಳಿದಷ್ಟು ಸಂತೋಷವಾಯಿತು. ಮಾಸ್ತರರೂ ಮೆಂಬರರೂ ಮುಖ ಊದಿಸಿಕೊಂಡು ಹೋದರು.

ಹೊಸ ನೀರು ಬರುವ ದಿನ ಹಳೆಯ ನೀರು ಚೆಲ್ಲಿ ಪಾತ್ರೆ ತಿಕ್ಕುವುದು ನಮ್ಮ ಕಡೆಯ ರೂಢಿ. ಸಂಜೆ ನಮ್ಮ ಪಾಳಿ, ಆ್ಯಪ್ ಬಂದಿದೆ, ಇನ್ನು ತಪ್ಪುವ ಮಾತೇ ಇಲ್ಲ ಎಂದು ಫಕ್ಕೀರೇಶ ಮನೆಮನೆಗೂ ಹೇಳಿ ಬಂದಿದ್ದ. ಅವನ ಮಾತು ನಂಬಿ ಓಣಿಗೆ ಓಣಿಯೇ ಕೊಡ, ಹಂಡೆ, ಬ್ಯಾರಲ್ ಬರಿದು ಮಾಡಿ, ತೊಳೆದು, ನಳದ ಕೆಳಗೆ ಇಟ್ಟುಕೊಂಡು ಕೂತಿತು. ನಳ ಒಂದು ಸಲ ಕೆಮ್ಮಲೂ ಇಲ್ಲ. ಅಗಸಿ ಓಣಿಯ ಕಡೆಯಿಂದ ಮಾತ್ರ ನೀರು ಧೋ ಎನ್ನುವ ಸದ್ದು ಬರುತ್ತಿತ್ತು.

ಫಕ್ಕೀರೇಶ ಅತ್ತ ಓಡಿದ. ನಿಯಾಜ ಫೋನು ಮುಂದೆ ಹಿಡಿದ. ಹುಣಸಿಗಿಡದ ಓಣಿಯ ಮುಂದೆ ಮುಂಜಾನೆಯ ನೀಲಿ ಹನಿ ಹಾಗೆಯೇ ಕೂತಿತ್ತು.

"ನಿಮಗ ಮುಂಜಾನೇನ ಬಂದೈತಲ್ರಿ. ಇನ್ನ ಅಗಸಿ ಓಣಿ ಪಾಳಿ ಅಂತ ತೋರಸ್ತು, ಬಿಟ್ಟೆ."

"ನೀ ಬಿಡದ ನೀರ ಹೆಂಗ ಬರ್ತೈತೋ?"

"ನನಗೂ ಹಂಗ ಅನಸ್ತರಿ. ಆದ್ರ ನನ್ನ ತಲಿ ನಂಬಬ್ಯಾಡ ಅಂತ ನೀವ ಹೇಳಿದ್ರಿ."

ಫಕ್ಕೀರೇಶ ನಿಂತ ನಿಲುವಿನಲ್ಲೇ ಹನಿ ಅಳಿಸಿದ. ಅಳಿಸಿ ಏನು ಬಂತು? ಊರ ನೀರಿನ ಟ್ಯಾಂಕು ಬರಿದಾಗಿತ್ತು. ತುಂಬಿದ ಕೊಡಗಳ ನಡುವೆ ನಿಂತ ಚಂದ್ರಪ್ಪ ಮಾಸ್ತರರು, ಸೊನ್ನೆಯಿಂದ ಸುರು ಮಾಡಬೇಡ ಎಂದು ಬಡಕೊಂಡಿದ್ದೆ ಎಂದರು. ಮಾಸ್ತರರು ಹೇಳಿದ್ದು ಖರೆಯಾದದ್ದೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು.

ಮನೆಯ ಬಾಗಿಲಲ್ಲಿ ಸವಿತಾ ಎರಡು ಕೊಡ ಹಿಡಿದು ನಿಂತಿದ್ದಳು.

"ಮೊಬೈಲ್‌ದಾಗ ಬಂದ ನೀರ ನಿಮ್ಮ ಜಳಕಕ್ಕ ಇರ್ಲಿ. ನಮಗ ಬಾವೀದ ತರ್ರಿ."

ಫಕ್ಕೀರೇಶ ಕೊಡ ಇಸಿದುಕೊಂಡು ತಿರುಗಿದ. ಅಂಗಳದಲ್ಲಿ ಓಣಿಯ ಬರಿಗೊಡಗಳೆಲ್ಲ ಸಾಲಾಗಿ ಕೂತಿದ್ದವು. ತುದಿಗೆ ಬಾನುಬಿ ತನ್ನದನ್ನೂ ಇಟ್ಟಳು.

"ಎಲ್ಲಾರದೂ ಅಂದಿದ್ಯಲ್ಲ ತಮ್ಮಾ," ಎಂದಳು. "ನಂದ ಮೊದಲ ತುಂಬು."